ನಾನು ಆಡಿ ಮುಗಿಸಿದ ನಾಲ್ಕು ಆಟಗಳು

ವಿಡಿಯೋ ಗೇಮ್ ಎಂದೊಡನೆ ನಮ್ಮ ಮನೆಗಳಲ್ಲಿ ಹಿರಿಯರ ಹುಬ್ಬು ಗಂಟಿಕ್ಕುವುದು ಸಹಜವೇ ಆಗಿರುವುದು. ಮಕ್ಕಳ ಕಣ್ಣು ಕೆಡುತ್ತದೆ, ಕಾಲಹರಣವಾಗುತ್ತದೆ, ಬಂದೂಕುಗಳ ಢಮಢಮ ಶಬ್ದದಿಂದ ಮನೆಯ ಶಾಂತಿ ಕದಡುತ್ತದೆ ಎಂಬ ದೂರುಗಳಲ್ಲಿ ಒಂದನ್ನಾದರೂ ನಾನು ಅಲ್ಲಗಳೆಯತಕ್ಕವನಲ್ಲ. ಆದರೆ ಕಾವ್ಯಗಳಲ್ಲಿ ಒಳ್ಳೆಯವು ಕೆಟ್ಟವು ಎಂಬ ಭೇದವಿರುವಂತೆಯೇ ಈ ಆಟಗಳಲ್ಲಿಯೂ ಭೇದವುಂಟು. ಓದದೆ ಗ್ರಂಥವನ್ನು ನಿಂದಿಸಬಾರದೆಂದು ಮೂವತ್ತು ವರ್ಷಕಾಲ ಹುಡುಗರಿಗೆ ಹೇಳಿದವನು, ಆಡದೆ ಆಟವನ್ನು ನಿಂದಿಸುವುದು ಉಚಿತವಲ್ಲವಷ್ಟೆ. ಆದಕಾರಣ ಮೊಮ್ಮಗಳನ್ನು ಗುರುವಾಗಿ ವರಿಸಿ, ಕಳೆದ ಕೆಲವು ತಿಂಗಳುಗಳಲ್ಲಿ ನಾಲ್ಕು ಆಟಗಳನ್ನು ಆದ್ಯಂತವಾಗಿ ಆಡಿ ಮುಗಿಸಿರುವೆನು.

ಇವುಗಳಲ್ಲಿ ನನ್ನ ಮನಸ್ಸನ್ನು ಪೂರ್ಣವಾಗಿ ಸೆರೆಹಿಡಿದುದು 'ಚಾಂಟ್ಸ್ ಆಫ್ ಸೆನ್ನಾರ್' ಎಂಬುದು. ಫ್ರಾನ್ಸ್ ದೇಶದ ರನ್‌ಡಿಸ್ಕ್ ಎಂಬ ಸಣ್ಣ ಸಂಸ್ಥೆಯವರು ಇದನ್ನು 2023ರಲ್ಲಿ ಹೊರತಂದರು. ಬೈಬಲ್ಲಿನಲ್ಲಿ ಬರುವ ಬೇಬೆಲ್ ಗೋಪುರದ ಕಥೆಯೇ ಇದಕ್ಕೆ ಮೂಲ. ಗೋಪುರದ ಒಂದೊಂದು ಅಂತಸ್ತಿನಲ್ಲಿಯೂ ಒಂದೊಂದು ಜನಾಂಗ. ಒಂದೊಂದಕ್ಕೂ ಬೇರೆಬೇರೆ ಲಿಪಿ, ಬೇರೆಬೇರೆ ಭಾಷೆ. ಆಡುವವನು ಯಾವ ಭಾಷೆಯನ್ನೂ ಅರಿಯದ ಪಥಿಕನು. ಗೋಡೆಯ ಬರಹ, ದಾರಿಯ ಫಲಕ, ಜನರ ಅಭಿನಯ ಇವನ್ನು ನೋಡಿ ನೋಡಿ ಚಿಹ್ನೆಗಳ ಅರ್ಥವನ್ನು ಊಹಿಸಬೇಕು. ಪುಸ್ತಕದ ಒಂದು ಪುಟದಲ್ಲಿರುವ ಚಿತ್ರಗಳಿಗೆಲ್ಲ ಸರಿಯಾದ ಚಿಹ್ನೆಗಳನ್ನು ಹೊಂದಿಸಿದಾಗ ಮಾತ್ರ ಊಹೆಯು ನಿಶ್ಚಯವಾಗುವುದು.

ಶಿಶುವು ಮಾತನ್ನು ಕಲಿಯುವ ಬಗೆಯನ್ನು ನಮ್ಮ ಶಾಸ್ತ್ರಕಾರರು ವಿವರಿಸಿರುವುದು ಸಂಸ್ಕೃತ ಬಲ್ಲ ವಾಚಕರಿಗೆ ನೆನಪಿರಬಹುದು. ಹಿರಿಯನೊಬ್ಬನು 'ಹಸುವನ್ನು ತಾ' ಎನ್ನುವನು, ಇನ್ನೊಬ್ಬನು ತರುವನು. 'ಹಸುವನ್ನು ಕಟ್ಟು, ಕುದುರೆಯನ್ನು ತಾ' ಎನ್ನುವನು. ಆತನು ಹಾಗೆಯೇ ಮಾಡುವನು. ಪಕ್ಕದಲ್ಲಿ ನಿಂತ ಮಗುವು ಯಾವ ಪದ ಹೋಗಿ ಯಾವ ಪದ ಬಂದಾಗ ಯಾವ ವಸ್ತು ಬದಲಾಯಿತೆಂಬುದನ್ನು ಗಮನಿಸಿ ಅರ್ಥವನ್ನು ಗ್ರಹಿಸುವುದು. ವೃದ್ಧವ್ಯವಹಾರವೆಂದು ಹೆಸರಾದ ಈ ವಿಷಯವನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದರೂ ಹುಡುಗರು ಆಕಳಿಸುತ್ತಿದ್ದರು. ಇಲ್ಲಿ ಹನ್ನೊಂದು ವರ್ಷದ ಹುಡುಗಿ ಅದನ್ನು ಕಣ್ಣೆದುರಿಗೆ ಮಾಡಿ ತೋರಿಸಿದಳು. ಹಲವು ಚಿಹ್ನೆಗಳ ಅರ್ಥವನ್ನು ನನಗಿಂತ ಮೊದಲೇ ಹೇಳಿಬಿಟ್ಟಳು.

ವ್ಯಾಕರಣದ ಸೊಗಸೂ ಇದರಲ್ಲಿ ಕಡಮೆಯಿಲ್ಲ. ಕೆಳಗಿನ ಅಂತಸ್ತಿನ ಭಕ್ತಜನರ ಭಾಷೆಯಲ್ಲಿ ಬಹುವಚನವು ದ್ವಿರುಕ್ತಿಯಿಂದ ಆಗುವುದು. ಚಿಹ್ನೆಯನ್ನು ಎರಡು ಸಲ ಬರೆದರೆ 'ಹಲವರು' ಎಂದರ್ಥ. ಅದರ ಮೇಲಿನ ಯೋಧರಲ್ಲಿ ಬಹುವಚನಕ್ಕೆ ಪ್ರತ್ಯೇಕ ಚಿಹ್ನೆಯೇ ಉಂಟು. ಅವರಿಗೂ ಮೇಲಿರುವ ಗಾಯಕರ ವಾಕ್ಯದಲ್ಲಿ ಕರ್ಮಪದ ಮೊದಲು, ಕರ್ತೃಪದ ಆಮೇಲೆ, ಕ್ರಿಯೆ ಕೊನೆಗೆ. ಸಂಸ್ಕೃತದಲ್ಲಿ ವಿಭಕ್ತಿಯ ಬಲವಿರುವುದರಿಂದ ಪದಗಳನ್ನು ಹೇಗೆ ಹಿಂದುಮುಂದು ಮಾಡಿದರೂ ರಾಮನು ರಾವಣನನ್ನೇ ಕೊಲ್ಲುವನು. ಇಲ್ಲಿ ವಿಭಕ್ತಿಯಿಲ್ಲವಾದುದರಿಂದ ಕ್ರಮ ತಪ್ಪಿದರೆ ರಾವಣನು ರಾಮನನ್ನು ಕೊಂದಂತಾಗುವುದು! ಇದಕ್ಕಿಂತಲೂ ಮನಸ್ಸಿಗೆ ನಾಟಿದ ಸಂಗತಿ ಬೇರೊಂದು. ಯೋಧರ ಭಾಷೆಯಲ್ಲಿ ಕೆಳಗಿನ ಭಕ್ತರಿಗಿರುವ ಪದದ ಅರ್ಥ 'ಅಶುದ್ಧರು' ಎಂದು. ಆ ಭಕ್ತರೊಡನೆ ಅಷ್ಟುಹೊತ್ತು ಇದ್ದು, ಅವರ ಮಾತು ಕಲಿತು ಮೇಲೆ ಬಂದವನಿಗೆ ಆ ಒಂದು ಪದವನ್ನು ಬಿಡಿಸಿದಾಗ ಆಗುವ ಖೇದವು ಅನುಭವಿಸಿಯೇ ತಿಳಿಯಬೇಕಾದುದು. ಕೊನೆಗೆ ಪಥಿಕನು ದುಭಾಷಿಯಾಗಿ ಈ ಜನಾಂಗಗಳನ್ನು ಪರಸ್ಪರ ಮಾತನಾಡಿಸಬೇಕು. ನಡುನಡುವೆ ಕಾವಲುಗಾರರ ಕಣ್ಣು ತಪ್ಪಿಸಿ ನುಸುಳುವ ಪ್ರಸಂಗಗಳು ಮಾತ್ರ ನನಗೆ ಬೇಸರ ತಂದವು. ವ್ಯಾಕರಣಪಾಠದ ಮಧ್ಯೆ ಗೋಡೆ ಹಾರಿಸಿದಂತಾಯಿತು.

ಎರಡನೆಯದು 'ರಿಟರ್ನ್ ಆಫ್ ದಿ ಓಬ್ರಾ ಡಿನ್'. ಲೂಕಸ್ ಪೋಪ್ ಎಂಬವರು ಬಹುಮಟ್ಟಿಗೆ ಏಕಾಕಿಯಾಗಿ ನಿರ್ಮಿಸಿ 2018ರಲ್ಲಿ ಪ್ರಕಟಿಸಿದುದು. ಕಾಣೆಯಾಗಿದ್ದ ಹಡಗೊಂದು 1807ರಲ್ಲಿ ಜನರಿಲ್ಲದೆ ಇಂಗ್ಲೆಂಡಿನ ಫಾಲ್ಮತ್ ಬಂದರಿಗೆ ತೇಲಿಬರುವುದು. ಅದರಲ್ಲಿದ್ದ 60 ಮಂದಿಯ ಗತಿ ಏನಾಯಿತೆಂದು ಈಸ್ಟ್ ಇಂಡಿಯಾ ಕಂಪೆನಿಯ ವಿಮಾ ಪರೀಕ್ಷಕನು ದಾಖಲೆಪುಸ್ತಕದಲ್ಲಿ ಬರೆಯಬೇಕು. ಚಿತ್ರಗಳೆಲ್ಲ ಎರಡೇ ಬಣ್ಣ, ಹಳೆಯ ಮುದ್ರಣದ ಪುಸ್ತಕದಂತೆ. ಒಂದು ಮಾಯಾ ಗಡಿಯಾರದಿಂದ ಮರಣದ ಕ್ಷಣವನ್ನು ಪ್ರತ್ಯಕ್ಷವಾಗಿ ಕಾಣಬಹುದು. ಆದರೆ ಸತ್ತವನ ಹೆಸರು ಯಾವುದೆಂಬುದಕ್ಕೆ ಅನುಮಾನಪ್ರಮಾಣವೇ ಗತಿ. ಆಡಿದ ಭಾಷೆ, ಉಟ್ಟ ಬಟ್ಟೆ, ಮಲಗುವ ತೂಗುಹಾಸಿಗೆಯ ಸಂಖ್ಯೆ ಇವುಗಳಿಂದ ತರ್ಕಿಸಬೇಕು. ಮೂವರ ವಿಷಯ ಸರಿಯಾದಾಗಲೇ ಪುಸ್ತಕವು ಒಪ್ಪುವುದು. ಅಂದಾಜಿನ ಉತ್ತರ ಬರೆಯುವ ವಿದ್ಯಾರ್ಥಿಗಳಿಗೆ ಇಲ್ಲಿ ಎಡೆಯಿಲ್ಲ. ನಾವಿಕರ ಪಟ್ಟಿಯಲ್ಲಿ ಭಾರತೀಯರೂ ಕೆಲವರಿರುವರು. ಅವರಲ್ಲಿ ಒಬ್ಬನ ಹೆಸರು ಸಾಲಮನ್ ಸೈಯದ್. ಅವನೂ ಅವನ ಜೊತೆಯವನೊಬ್ಬನೂ ಯುದ್ಧದಲ್ಲಲ್ಲ, ರೋಗದಿಂದ ಸಾಯುವರು. ಕಥೆ ಕಲ್ಪಿತವೇ, ಆದರೆ ನಮ್ಮ ಕರಾವಳಿಗಳಿಂದ ಇಂಥ ಹಡಗುಗಳನ್ನೇರಿ ಹೋದ ಲಸ್ಕರರು ಕಲ್ಪಿತರಲ್ಲ. ಅವರ ಹೆಸರುಗಳನ್ನು ಭರ್ತಿಮಾಡುವಾಗ ನನ್ನ ಕೈ ಸ್ವಲ್ಪ ನಿಧಾನವಾಯಿತು. ಮರಣದೃಶ್ಯಗಳು ಭೀಕರವಾಗಿರುವುದರಿಂದ ಚಿಕ್ಕಮಕ್ಕಳಿಗೆ ಇದನ್ನು ಕೊಡತಕ್ಕದ್ದಲ್ಲ. ಮೊಮ್ಮಗಳನ್ನು ಹೊರಗೆ ಕಳುಹಿಸಿಯೇ ಆಡಿದೆನು.

ಮೂರನೆಯದು ಗೃಹಿಣಿಯರಿಗೆ ವಿಶೇಷವಾಗಿ ರುಚಿಸೀತು. ಆಸ್ಟ್ರೇಲಿಯಾದ ವಿಚ್ ಬೀಮ್ ಸಂಸ್ಥೆಯ 'ಅನ್‌ಪ್ಯಾಕಿಂಗ್' (2021) ಎಂಬ ಇದರಲ್ಲಿ ಮನೆ ಬದಲಾಯಿಸಿದಾಗ ಪೆಟ್ಟಿಗೆಗಳನ್ನು ಬಿಚ್ಚಿ ಸಾಮಾನುಗಳನ್ನು ಜೋಡಿಸುವುದೇ ಆಟ! 1997ರಲ್ಲಿ ಬಾಲಿಕೆಯ ಕೋಣೆಯಿಂದ ಮೊದಲಾಗಿ 2018ರವರೆಗೆ ಒಬ್ಬಳೇ ಹೆಣ್ಣಿನ ಬಾಳಿನ ಎಂಟು ಘಟ್ಟಗಳು. ಆಕೆಯ ಮುಖವನ್ನು ನಾವು ಕಾಣುವುದಿಲ್ಲ, ಮಾತನ್ನು ಕೇಳುವುದಿಲ್ಲ. ವಸ್ತುಗಳೇ ಕಥೆ ಹೇಳುವುವು. 2010ರಲ್ಲಿ ಆಕೆ ತನ್ನ ಪ್ರಿಯನ ಮನೆಗೆ ಬರುವಳು. ಅಲ್ಲಿ ಎಲ್ಲ ಕಡೆಯೂ ಅವನ ಸಾಮಾನುಗಳೇ. ಪೆಟ್ಟಿಗೆಯಿಂದ ಆಕೆಯ ಪದವಿಪತ್ರ ಹೊರಬಂದಿತು, ಚೌಕಟ್ಟು ಹಾಕಿಸಿದ್ದು. ಗೋಡೆಗೆ ತೂಗುಹಾಕಲು ಹೋದರೆ ಸ್ಥಳವಿಲ್ಲ. ಪಡಸಾಲೆಯಲ್ಲಿಲ್ಲ, ಅಡಿಗೆಮನೆಯಲ್ಲಿ ಇಡಗೊಡದು. ಅರ್ಧಗಂಟೆ ನಾನೂ ಮೊಮ್ಮಗಳೂ ಹೆಣಗಿದೆವು.

ಅಲ್ಲಿಯೇ ಅವರೆಕಾಯಿ ಸುಲಿಯುತ್ತಿದ್ದ ನನ್ನ ಸೊಸೆಯು ತಲೆಯೆತ್ತದೆ, "ಮಂಚದ ಕೆಳಗೆ ಇಟ್ಟು ನೋಡಿ, ಮಾವ" ಎಂದಳು.

ಇಟ್ಟೆವು. ಅದೇ ಸರಿಯಾದ ಸ್ಥಾನ.

"ಆಟವನ್ನು ಮೊದಲೇ ಆಡಿದ್ದೆಯೇನಮ್ಮಾ?" ಎಂದು ಕೇಳಿದೆನು. "ಇಲ್ಲ" ಎಂದಳು. ಆಕೆಯು ಗಣಿತಶಾಸ್ತ್ರದಲ್ಲಿ ಎಂ.ಎಸ್‌ಸಿ. ಮುಗಿಸಿದವಳು, ಮದುವೆಯ ಬಳಿಕ ಕೆಲಸಕ್ಕೆ ಹೋದವಳಲ್ಲ. ಆ ಹೊತ್ತಿನಲ್ಲಿ ಮನೆಯಲ್ಲಿ ಬೇರೆ ಯಾರೂ ಏನೂ ಮಾತಾಡಲಿಲ್ಲ. ನಾನು ಪಾಠ ಹೇಳಿದ ಹೆಣ್ಣುಮಕ್ಕಳಲ್ಲಿ ಪ್ರಥಮದರ್ಜೆಯಲ್ಲಿ ತೇರ್ಗಡೆಯಾದವರು ಬಹಳ ಮಂದಿ ಇರುವರು. ಅವರ ಪದವಿಪತ್ರಗಳು ಈಗ ಯಾವ ಬೀರುವಿನ ಯಾವ ಸೀರೆಯ ಅಡಿಯಲ್ಲಿ ಇರುವುವೋ! ವಾಚಕರೇ, ತಮ್ಮ ಮನೆಯ ಸೊಸೆಯ ಪದವಿಪತ್ರವು ಎಲ್ಲಿರುವುದೆಂದು ತಾವು ಹೇಳಬಲ್ಲಿರಾ? ಆಟದಲ್ಲಿ ಮುಂದಿನ ವರ್ಷಗಳಲ್ಲಿ ಆಕೆ ಆ ಮನೆಯನ್ನು ಬಿಟ್ಟು ಬರುವಳು, ಪತ್ರಕ್ಕೂ ಗೋಡೆಯಲ್ಲಿ ಸ್ಥಳ ದೊರೆಯುವುದು. ಮನೆ ಬಿಡದೆಯೇ ಒಂದು ಮೊಳೆ ಹೊಡೆಯಬಹುದಾಗಿತ್ತಲ್ಲ ಎಂಬುದು ನನ್ನಾಕೆಯ ಟೀಕೆ.

ಇನ್ನು ನಾಲ್ಕನೆಯದು, ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬವರ 'ರಾಜಿ' (2020). ನಮ್ಮ ದೇಶದ್ದೆಂಬ ಅಭಿಮಾನದಿಂದ ಆಡಿದೆನು. ಅಸುರರು ಕೊಂಡೊಯ್ದ ತಮ್ಮನನ್ನು ಹುಡುಕುತ್ತ ಹೋಗುವ ಹುಡುಗಿಯೊಬ್ಬಳ ಕಥೆ. ದುರ್ಗೆಯೂ ವಿಷ್ಣುವೂ ಮೇಲಿನಿಂದ ನೋಡುತ್ತ ಸಂಭಾಷಿಸುವರು. ರಾಜಸ್ಥಾನದ ಕೋಟೆಗಳಂತಹ ಕಟ್ಟಡಗಳು ರಮಣೀಯವಾಗಿವೆ. ತಿರುಗಿಸಿ ಕೂಡಿಸಬೇಕಾದ ಮಂಡಲಚಿತ್ರಗಳಂತೂ ಕಣ್ಣಿಗೆ ಹಬ್ಬ. ಆದರೆ ಕಾಳಗಗಳು ಪುನರುಕ್ತಿದೋಷದಿಂದ ಕೂಡಿವೆ, ದೇವತೆಗಳ ಮಾತಿಗೆ ಗಾಂಭೀರ್ಯ ಸಾಲದು. ತ್ರಿಶೂಲ ಬೀಸುವ ಕೆಲಸವನ್ನು ನನ್ನ ಬೆರಳುಗಳು ಒಲ್ಲೆನೆಂದುದರಿಂದ ಅದನ್ನು ಮೊಮ್ಮಗಳಿಗೇ ಒಪ್ಪಿಸಿದೆನು. ಕಥೆಯಂತೂ, ಹರಿಕಥೆಯ ದಾಸರು ನಡುವೆ ತಾಳವನ್ನು ಕೆಳಗಿಟ್ಟು ಎದ್ದುಹೋದಂತೆ, ತಟಕ್ಕನೆ ನಿಂತುಬಿಡುವುದು. "ಆಮೇಲೆ ಏನಾಯಿತು, ತಾತ?" ಎಂದು ಕೇಳಿದಳು. ಆಮೇಲಿನದನ್ನು ಪ್ರತಿರಾತ್ರಿ ಊಟವಾದ ಮೇಲೆ ನಾನೇ ಕಟ್ಟಿ ಹೇಳುತ್ತಿರುವೆನು. ಅಸುರನು ಇನ್ನೂ ಸತ್ತಿಲ್ಲ.