ಮಳೆಯಲ್ಲಿ ಬ್ರೂಜ್, ಜೊತೆಯಲ್ಲಿ ಅಪ್ಪಾಜಿ

ಕಡಿಮೆ ದರಕ್ಕೆ ಸಿಕ್ಕಿತೆಂದು ಎರಡು ತಿಂಗಳ ಮುಂಚೆಯೇ ಕಲೋನ್‌ನಿಂದ ಬ್ರಸೆಲ್ಸ್‌ಗೆ ರೈಲು ಟಿಕೆಟ್ ತೆಗೆಸಿದ್ದೆ. ರದ್ದು ಮಾಡಿದರೆ ಹಣ ವಾಪಸ್ ಬರದ ಟಿಕೆಟ್. ಆ ಶನಿವಾರ ಬೆಳಗ್ಗೆ ಎದ್ದು ನೋಡಿದರೆ ಜಡಿಮಳೆ. ಮಕ್ಕಳಿಗೆ ನೆಗಡಿ ಅಂತ ಮನೆಯವಳು ಹಿಂದೆ ಸರಿದಳು. ಉಳಿದವರು ನಾನು ಮತ್ತು ದಾವಣಗೆರೆಯಿಂದ ಬಂದಿದ್ದ ನಮ್ಮ ಅಪ್ಪಾಜಿ. ಅವರು ಊರಿಗೆ ಹೊರಡಲು ಇನ್ನು ಒಂಬತ್ತೇ ದಿನ ಇತ್ತು. "ಮಳಿ ಬಂದ್ರೆ ಏನಾತು? ನಾವೇನು ಬೆಲ್ಲ ಏನು ಕರಗಾಕ?" ಎಂದು ಅವರೇ ಮೊದಲು ಶೂ ಹಾಕಿಕೊಂಡರು.

ಕಲೋನ್‌ನಿಂದ ಬ್ರಸೆಲ್ಸ್‌ಗೆ ಸುಮಾರು ಎರಡು ಗಂಟೆ. ಅಲ್ಲಿ ರೈಲು ಬದಲಿಸಿದರೆ ಬ್ರೂಜ್‌ಗೆ ಇನ್ನೊಂದು ಗಂಟೆ. ನಿಲ್ದಾಣದಿಂದ ಹಳೇ ಪೇಟೆಗೆ ಇಪ್ಪತ್ತು ನಿಮಿಷ ನಡೆದರೆ ಸಾಕು. ದಾರಿಯಲ್ಲೇ ಮಿನ್ನೆವಾಟರ್ ಎಂಬ ಕೆರೆ, ಅದರ ಪಕ್ಕ 1245ರಲ್ಲಿ ಶುರುವಾದ ಬೆಗೈನ್ ಹೆಂಗಸರ ಆಶ್ರಮ. ಮದುವೆಯಾಗದವರು, ವಿಧವೆಯರು ಸನ್ಯಾಸದ ಶಾಶ್ವತ ವ್ರತವಿಲ್ಲದೆ ಒಟ್ಟಿಗೆ ಬಾಳುತ್ತಿದ್ದ ಜಾಗ. ಬಿಳೀ ಗೋಡೆಯ ಮನೆಗಳು, ನಡುವೆ ಎತ್ತರದ ಮರಗಳು, ಎಲೆಗಳಿಂದ ತೊಟ್ಟಿಕ್ಕುವ ನೀರು. ಬಿಸಿಲಿದ್ದರೆ ಇಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಮಳೆ ಇದ್ದದ್ದರಿಂದ ನಾವಿಬ್ಬರೇ.

ಊರ ನಡುವಿನ ಚೌಕದಲ್ಲಿ ನಿಂತಿರುವ ಗಂಟೆ ಗೋಪುರದ ಎತ್ತರ 83 ಮೀಟರ್, ಮೆಟ್ಟಿಲು 366. ಮೇಲಕ್ಕೆ ಹೋದಂತೆ ಮೆಟ್ಟಿಲು ಎಷ್ಟು ಕಿರಿದಾಗುತ್ತದೆಂದರೆ ಎದುರಿಗೆ ಬಂದವರಿಗೆ ಗೋಡೆಗೆ ಅಂಟಿಕೊಂಡು ದಾರಿ ಬಿಡಬೇಕು. ಮೇಲೆ 47 ಗಂಟೆಗಳ ಸಾಲಿದೆ. ಮಂಡಿ ನೋವಿರುವ ಅಪ್ಪಾಜಿ ಕೆಳಗೇ ಉಳಿದರು. ನಾನು ಏದುಸಿರು ಬಿಡುತ್ತಾ ಇಳಿದು ಬಂದಾಗ ಅವರು ಕಟ್ಟಡದ ಕಮಾನುಗಳನ್ನೇ ನೋಡುತ್ತಾ ನಿಂತಿದ್ದರು. "ಇದೇನು ಗುಡಿಯೋ, ಅರಮನೆಯೋ?" ಅಂದರು. "ಬಟ್ಟೆ, ಉಣ್ಣೆ ಮಾರುತ್ತಿದ್ದ ಮಳಿಗೆ ಅಪ್ಪಾಜಿ" ಅಂದೆ. ಆಗಲೇ ಅವರ ಮುಖ ಅರಳಿದ್ದು. ಮೂವತ್ತು ವರ್ಷ ಜವಳಿ ಅಂಗಡಿ ನಡೆಸಿದ ಜೀವ ಅದು.

ಆಮೇಲೆ ನಾನೇ ಗೈಡ್ ಆದೆ. 1134ರಲ್ಲಿ ಬಂದ ದೊಡ್ಡ ಚಂಡಮಾರುತ ಕರಾವಳಿಯನ್ನು ಕೊರೆದು ಜ್ವಿನ್ ಎಂಬ ಕಡಲ ಕಾಲುವೆ ತೆರೆಯಿತು. ಅಲ್ಲಿಂದ ಊರಿಗೆ ನೀರಿನ ದಾರಿ ಸಿಕ್ಕಿತು. ಇಂಗ್ಲೆಂಡಿನ ಉಣ್ಣೆ ಬಂತು, ಫ್ಲಾಂಡರ್ಸ್‌ನ ನೇಕಾರರು ನೇಯ್ದ ಬಟ್ಟೆ ಹೊರಟಿತು. ಇಟಲಿಯವರು, ಸ್ಪೇನಿನವರು, ಹಾನ್ಸಾ ಕೂಟದ ಜರ್ಮನ್ ವರ್ತಕರು ಇಲ್ಲಿ ಕೋಠಿ ಇಟ್ಟರು. ಫಾನ್ ಡೆರ್ ಬೂರ್ಜೆ ಎಂಬ ಮನೆತನದ ಛತ್ರದ ಮುಂದೆ ಸೇರಿ ವ್ಯವಹಾರ ಕುದುರಿಸುತ್ತಿದ್ದರು. ನಾವು ಜರ್ಮನಿಯಲ್ಲಿ ಷೇರುಪೇಟೆಗೆ 'ಬ್ಯೋರ್ಸೆ' ಅನ್ನುತ್ತೇವಲ್ಲ, ಆ ಹೆಸರು ಈ ಮನೆತನದಿಂದ ಬಂದದ್ದು ಎನ್ನುತ್ತಾರೆ. 1360ರ ದಶಕದಲ್ಲೇ ಇಲ್ಲಿನ ಹಣ ವಿನಿಮಯದವರು ನಗದು ಮುಟ್ಟದೆ ಒಬ್ಬನ ಖಾತೆಯಿಂದ ಇನ್ನೊಬ್ಬನ ಖಾತೆಗೆ ಹಣ ಬರೆಯುತ್ತಿದ್ದರು. ಆ ಲೆಕ್ಕದ ಪುಸ್ತಕಗಳು ಇವತ್ತಿಗೂ ಉಳಿದಿವೆ. ಲೆಕ್ಕಪತ್ರವನ್ನೇ ನಂಬಿ ಅನ್ನ ತಿನ್ನುವ ನನ್ನಂಥವನಿಗೆ ಇದು ಕಾಶಿ ಇದ್ದಂತೆ.

ಮಳೆಯಲ್ಲೇ ದೋಣಿ ಹತ್ತಿದೆವು. ಅರ್ಧ ಗಂಟೆಯ ಸವಾರಿ. ಇಟ್ಟಿಗೆ ಗೋಡೆಗಳು ನೇರ ನೀರಿಗೇ ಇಳಿದಿವೆ, ಸೇತುವೆ ಬಂದಾಗಲೆಲ್ಲ ತಲೆ ಬಗ್ಗಿಸಬೇಕು. "ಇಷ್ಟು ವ್ಯಾಪಾರ ಇದ್ದ ಊರು ಯಾಕೆ ನಿಂತೋತು?" ಎಂದು ಅಪ್ಪಾಜಿ ಕೇಳಿದರು. ಜ್ವಿನ್ ಕಾಲುವೆಯಲ್ಲಿ ಹೂಳು ತುಂಬಿತು, ದೊಡ್ಡ ಹಡಗುಗಳು ಬರಲಾಗಲಿಲ್ಲ. ಅದರ ಮೇಲೆ ರಾಜರ ಜಗಳ. ವರ್ತಕರು ಗಂಟುಮೂಟೆ ಕಟ್ಟಿ ಆಂಟ್‌ವರ್ಪ್‌ಗೆ ಹೋದರು. ಹೊಸ ಮನೆ ಕಟ್ಟಲು ದುಡ್ಡಿಲ್ಲದೆ ಹಳೇ ಮನೆಗಳು ಹಾಗೇ ಉಳಿದವು. 2000ದಲ್ಲಿ ಈ ಹಳೇ ಪೇಟೆಯೇ ಯುನೆಸ್ಕೋ ಪಟ್ಟಿ ಸೇರಿತು.

ದೋಣಿ ಇಳಿದು ನೀಡಲ್ ಬೀದಿಗೆ, ಅಂದರೆ ಸೂಜಿ ಬೀದಿಗೆ, ಕರೆದುಕೊಂಡು ಹೋದೆ. ಅಲ್ಲಿನ ಬ್ಲಾಡೆಲಿನ್ ಭವನದಲ್ಲಿ ಫ್ಲಾರೆನ್ಸ್‌ನ ಮೆಡಿಚಿ ಬ್ಯಾಂಕಿನ ಶಾಖೆ ಇತ್ತು. ಅದರ ಮ್ಯಾನೇಜರ್ ತೊಮಾಸೊ ಪೋರ್ತಿನಾರಿ ಬರ್ಗಂಡಿಯ ದೊರೆ ಚಾರ್ಲ್ಸ್‌ಗೆ ಮಿತಿಮೀರಿ ಸಾಲ ಕೊಟ್ಟ. 1477ರಲ್ಲಿ ದೊರೆ ಯುದ್ಧದಲ್ಲಿ ಸತ್ತ. ಸಾಲ ಮುಳುಗಿತು, ಕೆಲವೇ ವರ್ಷಗಳಲ್ಲಿ ಶಾಖೆಯೂ ಮುಚ್ಚಿತು. "ಉದ್ರಿ ಕೊಟ್ಟು ಕೆಟ್ಟ" ಎಂದೆ ನಗುತ್ತಾ.

ಅಪ್ಪಾಜಿ ನಗಲಿಲ್ಲ. ಆಗ ನನಗೆ ಹೊಳೆಯಿತು, ಎಂಥಾ ಮಾತಾಡಿದೆ ಅಂತ.

ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ನಮ್ಮ ಊರಿನಲ್ಲಿ ಮಿಲ್ಲುಗಳು ಮುಚ್ಚಿದಾಗ ನಮ್ಮ ಅಂಗಡಿಯೂ ಮುಚ್ಚಿತು. ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಮಿಲ್ ಕಾರ್ಮಿಕರು. ಹಬ್ಬಕ್ಕೆ, ಮದುವೆಗೆ ಉದ್ರಿ ಬಟ್ಟೆ ಒಯ್ದು, ಸಂಬಳದ ದಿನ ಕೊಡುವವರು. ಸಂಬಳವೇ ನಿಂತ ಮೇಲೆ ಕೊಡುವುದೆಲ್ಲಿಂದ? ನಾನಾಗ ಬಿ.ಕಾಂ. ಕೊನೇ ವರ್ಷ. ಖಾತೆ ಪುಸ್ತಕ ಕೂಡಿಸಿ ನೋಡಿ, "ವಸೂಲಿ ಮಾಡೋಕೆ ಬರದವರು ವ್ಯಾಪಾರ ಯಾಕೆ ಮಾಡಬೇಕಿತ್ತು?" ಎಂದು ಅವ್ವನ ಎದುರಿಗೇ ಅಂದಿದ್ದೆ. ಅವರು ಅವತ್ತೂ ಉತ್ತರ ಕೊಟ್ಟಿರಲಿಲ್ಲ.

ಮಳೆ ಜೋರಾಯಿತು. ಒಂದು ಬಾಗಿಲ ಕಮಾನಿನ ಕೆಳಗೆ ನಿಂತು, ಊರಿಂದ ತಂದಿದ್ದ ಒಗ್ಗರಣೆ ಮಂಡಕ್ಕಿ ಡಬ್ಬಿ ಬಿಚ್ಚಿದೆವು. ಆಗ ಅವರೇ ಮಾತು ತೆಗೆದರು. "ತಮ್ಮಾ, ವಸೂಲಿಗೆ ಹೋಗಿದ್ದೆ ನಾನು. ಎರಡು ಮನೀಗೆ ಹೋದೆ. ಎರಡನೇ ಮನಿಯಾಗ ಆ ಹೆಣ್ಮಗಳು ನಾವು ಕೊಟ್ಟಿದ್ದ ಹೊಸಾ ಸೀರೀನೇ ಮಡಚಿ ತಂದು ಕೈಗೆ ಕೊಟ್ಲು, ಇದನ್ನ ಒಯ್ರಿ ಅಂತ. ಮದುವಿ ಸೀರಿ ಅದು. ಅವತ್ತೇ ಪುಸ್ತಕ ಮುಚ್ಚಿದೆ."

"ನನಗೆ ಹೇಳಲೇ ಇಲ್ಲ ನೀವು."

"ನೀನು ಓದ್ತಿದ್ದಿ. ಲೆಕ್ಕ ಕಲೀತಿದ್ದಿ. ಇದನ್ನ ಯಾವ ಕಾಲಂನಾಗ ಬರೀತಿದ್ದಿ?"

ನನ್ನ ಬಳಿ ಉತ್ತರ ಇರಲಿಲ್ಲ. "ಅವತ್ತು ಹಾಗೆ ಅನ್ನಬಾರದಿತ್ತು ಅಪ್ಪಾಜಿ" ಎಂದೆ. ಅವರು ಡಬ್ಬಿಯಲ್ಲಿ ಉಳಿದಿದ್ದ ಶೇಂಗಾ ಆರಿಸಿ ನನ್ನ ಕೈಗೆ ಹಾಕಿದರು.

ವಾಪಸ್ ಹೋಗುವ ಮುಂಚೆ ಅವರ್ ಲೇಡಿ ಚರ್ಚಿನಲ್ಲಿ ಮೈಕೆಲ್ಯಾಂಜೆಲೊ ಕೆತ್ತಿದ ತಾಯಿ ಮಗುವಿನ ಅಮೃತಶಿಲೆಯ ವಿಗ್ರಹ ನೋಡಿದೆವು. ಬ್ರೂಜ್‌ನ ಬಟ್ಟೆ ವರ್ತಕರ ಮನೆತನವೊಂದು ಕೊಂಡು ತಂದದ್ದು. 1944ರಲ್ಲಿ ನಾಜಿ ಸೈನಿಕರು ಕದ್ದೊಯ್ದು, ಮರುವರ್ಷ ಆಸ್ಟ್ರಿಯಾದ ಉಪ್ಪಿನ ಗಣಿಯೊಂದರಲ್ಲಿ ಸಿಕ್ಕಿತು. "ಬಟ್ಟಿ ವ್ಯಾಪಾರದವರು ಕೊಡಿಸಿದ್ದಾ?" ಎಂದು ಅಪ್ಪಾಜಿ ಎರಡು ಸಲ ಕೇಳಿ ಖಚಿತ ಮಾಡಿಕೊಂಡರು.

ಹೋಗುವವರಿಗೆ ಕೆಲವು ಮಾತು. ಕಲ್ಲು ಹಾಸಿದ ಬೀದಿಗಳು ಮಳೆಗೆ ಜಾರುತ್ತವೆ, ಹಿಡಿತವಿರುವ ಶೂ ಬೇಕು. ಗಾಳಿಗೆ ಛತ್ರಿ ನಿಲ್ಲುವುದಿಲ್ಲ, ರೇನ್‌ಕೋಟ್ ಒಯ್ಯಿರಿ. ಬೆಲ್ಜಿಯಂನ ಆಲೂಗಡ್ಡೆ ಫ್ರೈಸನ್ನು ಹಲವು ಕಡೆ ಗೋವಿನ ಕೊಬ್ಬಿನಲ್ಲಿ ಕರಿಯುತ್ತಾರೆ, ಸಸ್ಯಾಹಾರಿಗಳು ಕೇಳಿಯೇ ತಿನ್ನಿ. ತಂದೆತಾಯಿ ಬಂದಾಗ ಬಿಸಿಲಿಗಾಗಿ ಕಾಯುತ್ತಾ ಕೂರಬೇಡಿ, ಅವರಿಗೆ ಸಿಗುವುದು ತೊಂಬತ್ತೇ ದಿನ.

ಅಪ್ಪಾಜಿ ಊರು ಮುಟ್ಟಿದ್ದಾರೆ. ಆ ಖಾತೆ ಪುಸ್ತಕ ಇನ್ನೂ ಅಟ್ಟದ ಮೇಲಿನ ಟ್ರಂಕಿನಲ್ಲಿ ಇದೆಯಂತೆ. ಮುಂದಿನ ರಜೆಗೆ ಹೋದಾಗ ಕೆಳಗಿಳಿಸಿ ನೋಡಬೇಕು. ಈ ಸಲ ಕೂಡಿಸುವುದಕ್ಕಲ್ಲ, ಹೆಸರುಗಳನ್ನು ಓದುವುದಕ್ಕೆ.