ಹತ್ತು ಮಿಲಿಗ್ರಾಂಗೆ ಎಷ್ಟು ಜರೀಗಿಡ ಬೇಕು?

1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ 500 ಕಿಲೋ ರೇಷ್ಮೆ ಪ್ಯೂಪಾಗಳಿಂದ ಎಕ್ಡೈಸೋನ್ ಎಂಬ ಹಾರ್ಮೋನನ್ನು ಬೇರ್ಪಡಿಸಿದರು. ಹುಳು ಪೊರೆ ಕಳಚುವುದು ಇದರಿಂದಲೇ. ಅವರಿಗೆ ದಕ್ಕಿದ್ದು 25 ಮಿಲಿಗ್ರಾಂ. 1967ರಲ್ಲಿ ಚೆಕ್ ರಸಾಯನಶಾಸ್ತ್ರಜ್ಞರಿಗೆ ಅದೇ ಬಳಗದ 20-ಹೈಡ್ರಾಕ್ಸಿಎಕ್ಡೈಸೋನ್ ಯುರೋಪಿನ ಪಾಲಿಪೋಡಿಯಂ ಎಂಬ ಜರೀಗಿಡದ ಗೆಡ್ಡೆಯಲ್ಲಿ ಸಿಕ್ಕಿತು. ಒಣ ಗೆಡ್ಡೆಯ ತೂಕದಲ್ಲಿ ಅದರ ಪಾಲು ಶೇ 1ರವರೆಗೂ ಇರುತ್ತದೆ. ಅಂದರೆ 25 ಮಿಲಿಗ್ರಾಂಗೆ ಎರಡೂವರೆ ಗ್ರಾಂ ಗೆಡ್ಡೆ ಸಾಕು. ರೇಷ್ಮೆಯ ನಾಡಿನವರಾದ ನಾವು ಜರೀಗಿಡವನ್ನು ಗೌರವದಿಂದ ನೋಡಲು ಈ ಒಂದು ಲೆಕ್ಕವೇ ಸಾಕು.

ಆದರೆ ಶೇ 1 ಸಿಗುವುದು ಅಪರೂಪದ ಅದೃಷ್ಟ. ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಸಾಮಾನ್ಯ ಲೆಕ್ಕವನ್ನೇ ಮಾಡೋಣ. ಭದ್ರಾ ನಾಲೆಯ ನೀರುಂಡ ಚನ್ನಗಿರಿಯ ಅಡಿಕೆ ತೋಟಗಳಲ್ಲಿ, ಹೊನ್ನಾಳಿಯ ಕಾಲುವೆ ಬದಿಗಳಲ್ಲಿ ಕ್ರಿಸ್ಟೆಲ್ಲಾದಂಥ ಜರೀಗಿಡ ಕಳೆಯಾಗಿ ಬರುತ್ತದೆ. ನ್ಯಾಮತಿಯಲ್ಲಿ ತೀರ್ಥರಾಮೇಶ್ವರದಂಥ ನೀರಿನ ಸೆಲೆಗಳ ಸುತ್ತ ಹುಡುಕಬೇಕು. ಜಗಳೂರಿನದು ಬೇರೆಯೇ ಕಥೆ. ಅಂಥ ಬರದ ನೆಲದಲ್ಲಿ ಕಲ್ಲಿನ ಸಂದುಗಳಲ್ಲಿ ಬದುಕುವುದು ಮಯೂರಶಿಖೆಯ ಜಾತಿ. ನವಿಲಿನ ಜುಟ್ಟಿನಂತೆ ಬಿಚ್ಚಿಕೊಳ್ಳುವ ಗೇಣುದ್ದದ ಗಿಡ. ಬೇಸಿಗೆಯಲ್ಲಿ ಮುದುಡಿ, ಮಳೆ ಬಿದ್ದೊಡನೆ ಹಸಿರಾಗುತ್ತದೆ. ಇದರಲ್ಲಿ ರುಟಿನ್ ಎಂಬ ಫ್ಲೇವನಾಯ್ಡ್ ಇರುವುದು ಹಿಂದೆಯೇ ವರದಿಯಾಗಿದೆ.

ಒಂದು ಹೊಸ ಸಂಯುಕ್ತದ ರಚನೆಯನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ಬಿಡಿಸಲು ಸುಮಾರು 10 ಮಿಲಿಗ್ರಾಂ ಶುದ್ಧ ವಸ್ತು ಕೈಯಲ್ಲಿದ್ದರೆ ನೆಮ್ಮದಿ. ಅದು ಗಿಡದ ಒಣ ತೂಕದ ಶೇ 0.01ರಷ್ಟಿದೆ, ಬೇರ್ಪಡಿಸುವಾಗ ನಾಲ್ಕರಲ್ಲಿ ಮೂರು ಪಾಲು ಕಳೆದುಹೋಗುತ್ತದೆ ಎಂದಿಟ್ಟುಕೊಳ್ಳಿ. ಆಗ ಗಿಡದಲ್ಲಿ 40 ಮಿಲಿಗ್ರಾಂ ಇರಬೇಕು, ಅದಕ್ಕೆ 400 ಗ್ರಾಂ ಒಣ ಪುಡಿ ಬೇಕು. ಜರೀಎಲೆಯಲ್ಲಿ ನೀರೇ ಶೇ 80ರಷ್ಟು ಎಂದರೆ 2 ಕಿಲೋ ಹಸಿ ಎಲೆ. ಚನ್ನಗಿರಿಯ ತೋಟದಲ್ಲಿ ಇದು ಒಂದು ಹೊರೆಯೂ ಅಲ್ಲ, ಕಳೆ ತೆಗೆಯುವವರು ಬದುವಿಗೆ ಎಸೆಯುವಷ್ಟು. ಜಗಳೂರಿನ ಬಂಡೆಯ ಮೇಲೆ ಮಯೂರಶಿಖೆಯ ಒಂದು ಬುಡ ಒಣಗಿ 2 ಗ್ರಾಂ ತೂಗಿದರೆ ಅದೇ 400 ಗ್ರಾಂಗೆ 200 ಬುಡ ಕೀಳಬೇಕು. ಒಂದು ಗುಡ್ಡದ ಸಂತತಿಯೇ ಮುಗಿದುಹೋಗಬಹುದು.

ಇನ್ನು ಖರ್ಚು. ಕೆಳಗಿನ ದರಗಳು ಲೆಕ್ಕಕ್ಕಾಗಿ ಹಿಡಿದವು, ಊರಿಂದ ಊರಿಗೆ ವ್ಯತ್ಯಾಸವಾಗುತ್ತವೆ. ಗ್ರಾಂಗೆ 10 ಮಿ.ಲೀ. ಮೆಥನಾಲಿನಂತೆ ಮೂರು ಸಲ ನೆನೆಸಿದರೆ 12 ಲೀಟರ್, ಲೀಟರಿಗೆ 400 ರೂಪಾಯಿಯಂತೆ 4,800. ಇದನ್ನು ಇಂಗಿಸಿದಾಗ ಸುಮಾರು 40 ಗ್ರಾಂ ಕಡುಹಸಿರು ಅಂಟು ಉಳಿಯುತ್ತದೆ. ಹೆಕ್ಸೇನ್, ಈಥೈಲ್ ಅಸಿಟೇಟ್, ಬ್ಯುಟನಾಲ್‌ಗಳಿಂದ ಅದನ್ನು ವಿಂಗಡಿಸಲು 1.8 ಲೀಟರ್, 1,080 ರೂಪಾಯಿ. ಐದು ಗ್ರಾಂ ಪಾಲನ್ನು ಕಾಲಮ್‌ಗೆ ಹಾಕಲು ಅದರ 30 ಪಟ್ಟು, ಅಂದರೆ 150 ಗ್ರಾಂ ಸಿಲಿಕಾ ಜೆಲ್, 300 ರೂಪಾಯಿ. ಕಾಲಮ್ ಓಡಿಸಲು 8 ಲೀಟರ್ ದ್ರಾವಕ, 4,000. ಕೊನೆಗೆ ರಚನೆ ಬಿಡಿಸಲು ಪ್ರೋಟಾನ್ ಎನ್‌ಎಂಆರ್ 1,000, ಕಾರ್ಬನ್ 2,000, ಮೂರು ಬಗೆಯ ಟೂ-ಡಿ ಎನ್‌ಎಂಆರ್ 6,000, ಮಾಸ್ ಸ್ಪೆಕ್ಟ್ರಮ್ 2,000, ಒಟ್ಟು 11,000. ಎಲ್ಲ ಸೇರಿ 21,180 ರೂಪಾಯಿ.

ದೊಡ್ಡ ಮೊತ್ತ ಇನ್ನೂ ಬಂದಿಲ್ಲ. ಕಾಲಮ್‌ನಿಂದ ತೊಟ್ಟಿಕ್ಕುವ ದ್ರಾವಣವನ್ನು ಒಂದರ ಹಿಂದೊಂದು ನೂರಾರು ಸಣ್ಣ ಬಾಟಲಿಗಳಿಗೆ ಇಳಿಸಿಕೊಳ್ಳುತ್ತ, ಪ್ರತಿಯೊಂದನ್ನೂ ಟಿಎಲ್‌ಸಿ (ತೆಳುಪದರ ಕ್ರೊಮ್ಯಾಟೋಗ್ರಫಿ) ತಗಡಿನಲ್ಲಿ ನೋಡುತ್ತ ಕೂರುವುದು ಸಂಶೋಧನಾ ವಿದ್ಯಾರ್ಥಿ. ಜೆಆರ್‌ಎಫ್ ಶಿಷ್ಯವೇತನ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಎರಡು ತಿಂಗಳ ಕೆಲಸ ಎಂದರೂ 74,000. ಒಟ್ಟು 95,180ರಲ್ಲಿ ಶೇ 78 ಪಾಲು ಮನುಷ್ಯನ ಶ್ರಮ.

ಈ ಶ್ರಮ ತಪ್ಪಿಸಲು ಹಲವರು ಹಿಡಿಯುವ ಅಡ್ಡದಾರಿ ಜಿಸಿ-ಎಂಎಸ್, ಅಂದರೆ ವಸ್ತುಗಳನ್ನು ಆವಿಯಾಗಿಸಿ ವಿಂಗಡಿಸಿ ತೂಗುವ ಯಂತ್ರ. ಒಂದು ಮಾದರಿ ಕಳಿಸಿದರೆ ಕೆಲವು ಸಾವಿರಕ್ಕೆ ಮೂವತ್ತು ನಲವತ್ತು ಹೆಸರುಗಳ ಪಟ್ಟಿ ಬರುತ್ತದೆ. ಗಣಕಯಂತ್ರ ತನ್ನ ಭಂಡಾರದಲ್ಲಿ ಹತ್ತಿರ ಕಂಡದ್ದನ್ನು ಸೂಚಿಸಿದೆ, ಅಷ್ಟೆ. ಅದು ಗುರುತು ಪತ್ತೆಯಲ್ಲ. ಅದಕ್ಕಿಂತ ಮುಖ್ಯ, ಆವಿಯಾಗದ ವಸ್ತು ಆ ಯಂತ್ರದ ಕಣ್ಣಿಗೇ ಬೀಳುವುದಿಲ್ಲ. ರುಟಿನ್‌ನ ಅಣುತೂಕ 610. ಅದು ಕಾದರೆ ಒಡೆಯುತ್ತದೆಯೇ ಹೊರತು ಹಾರುವುದಿಲ್ಲ. ಮಯೂರಶಿಖೆಯ ಸಾರವನ್ನು ಬರೀ ಜಿಸಿ-ಎಂಎಸ್‌ಗೆ ಕೊಟ್ಟವರು ಅದರ ಹೆಸರಾಂತ ಸಂಯುಕ್ತವನ್ನೇ ಕಾಣದೆ ವರದಿ ಬರೆಯುತ್ತಾರೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ದಾರಿ ಇದೆ, ಅದು ಅಗ್ಗವೂ ಹೌದು. ಮೊದಲು 1 ಗ್ರಾಂ ಪುಡಿ, 20 ಮಿ.ಲೀ. ಮೆಥನಾಲ್, ಪಕ್ಕದಲ್ಲಿ ಶುದ್ಧ ರುಟಿನ್ ಇಟ್ಟು ಟಿಎಲ್‌ಸಿ. ಆಮೇಲೆ ವಸ್ತುಗಳನ್ನು ದ್ರವದಲ್ಲೇ ವಿಂಗಡಿಸುವ ಎಲ್‌ಸಿ-ಎಂಎಸ್‌ನಲ್ಲಿ ಅಣುತೂಕವೂ ಹೊರಬೀಳುವ ಸಮಯವೂ ಹೊಂದುತ್ತವೆಯೇ ಎಂದು ನೋಡುವುದು. ಆ 1 ಗ್ರಾಂ ಒಂದೇ ಬುಡದ ಅರ್ಧ ಎಲೆಗಳಲ್ಲಿ ಸಿಗುತ್ತದೆ, ಬೇರು ಕಲ್ಲಿನಲ್ಲೇ ಉಳಿಯುತ್ತದೆ. ತಿಳಿದದ್ದನ್ನೇ ಮತ್ತೆ ಕಂಡುಹಿಡಿಯಲು ಎರಡು ತಿಂಗಳು ಸುರಿಯುವುದೂ ತಪ್ಪುತ್ತದೆ.

ಮಣ್ಣಿನ ಲೆಕ್ಕವನ್ನೂ ಬಿಡುವಂತಿಲ್ಲ. ಹಳೆಯ ಗಾರೆ ಗೋಡೆಗಳಲ್ಲಿ ಬೆಳೆಯುವ ಟೆರಿಸ್ ವಿಟ್ಟಾಟ ಎಂಬ ಜರೀಗಿಡ ಆರ್ಸೆನಿಕ್ ಬೆರೆಸಿದ ಮಣ್ಣಿನಲ್ಲಿ ತನ್ನ ಒಣ ಎಲೆಯ ಪ್ರತಿ ಕಿಲೋಗೆ 22 ಗ್ರಾಂಗೂ ಹೆಚ್ಚು ಆರ್ಸೆನಿಕ್ ತುಂಬಿಕೊಂಡದ್ದನ್ನು ಫ್ಲಾರಿಡಾದ ಸಂಶೋಧಕರು 2001ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಎಲ್ಲಿ ಕಿತ್ತದ್ದು ಎಂದು ಬರೆದಿಡದ ಜರೀಗಿಡದ ಸಾರವನ್ನು ಔಷಧಿ ಎನ್ನಲು ಯಾರಿಗೂ ಹಕ್ಕಿಲ್ಲ.

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾಲಯ ಎರಡೂ ಈ ತಾಲ್ಲೂಕುಗಳಿಗೆ ಹತ್ತಿರ. ಅಲ್ಲಿನ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ಕಿಲೋ ಲೆಕ್ಕದ ಕೆಲಸವನ್ನು ಚನ್ನಗಿರಿ, ಹೊನ್ನಾಳಿಯ ತೋಟದ ಕಳೆಯಿಂದ ಮಾಡಿ, ಗಿಡದ ಒಂದು ಮಾದರಿಯನ್ನು ಒಣಗಿಸಿ ಹರ್ಬೇರಿಯಂನಲ್ಲಿಡಿ. ಜಗಳೂರಿನಿಂದ ಗ್ರಾಂ ಲೆಕ್ಕದಲ್ಲಷ್ಟೇ ತನ್ನಿ. ಅಲ್ಲಿನ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮದೊಳಗಾದರೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಂದು ಎಲೆಯನ್ನೂ ಮುಟ್ಟಬೇಡಿ.