ಕಿರಿದರಲ್ಲಿ ಹಿರಿದು

ಭಾರತದ ಜನಸಾಮಾನ್ಯರಿಗೆ ಅಂತರಜಾಲ ಸೇವೆ ದೊರೆತದ್ದು 1995ರಲ್ಲಿ. ಆಗ ಕಂಪ್ಯೂಟರಿನ ಮಾಹಿತಿಯು ಮನೆಯ ದೂರವಾಣಿ ತಂತಿಯಲ್ಲೇ ಸಾಗಬೇಕಾಗಿತ್ತು. ಅನಂತರ ಬಂದ ವೇಗದ ಮೋಡೆಮ್ ಸಹ ಸೆಕೆಂಡಿಗೆ ಹೆಚ್ಚೆಂದರೆ 56,000 ಬಿಟ್‌ಗಳನ್ನು ತರುತ್ತಿತ್ತು. 80 ಲಕ್ಷ ಬಿಟ್‌ಗಳ, ಅಂದರೆ ಒಂದು ಮೆಗಾಬೈಟಿನ, ಕಡತ ಇಳಿಯಲು ಎರಡು ನಿಮಿಷಕ್ಕೂ ಹೆಚ್ಚು ಕಾಲ ಹಿಡಿಯುತ್ತಿತ್ತು. ಜೊತೆಗೆ ಕರೆಯ ಶುಲ್ಕವೂ ಏರುತ್ತಿತ್ತು.

ತಂತಿಯ ವೇಗವನ್ನು ಹಿಗ್ಗಿಸಲಾಗದಿದ್ದರೂ ಮಾಹಿತಿಯನ್ನು ಕುಗ್ಗಿಸಬಹುದಲ್ಲವೆ? 1952ರಲ್ಲಿ ಡೇವಿಡ್ ಹಫ್‌ಮನ್ ಪ್ರಕಟಿಸಿದ ವಿಧಾನದಲ್ಲಿ ಪದೇ ಪದೇ ಬರುವ ಅಕ್ಷರಕ್ಕೆ ಗಿಡ್ಡ ಸಂಕೇತ, ಅಪರೂಪದ ಅಕ್ಷರಕ್ಕೆ ಉದ್ದನೆಯ ಸಂಕೇತ. 1977ರಲ್ಲಿ ಝಿವ್ ಮತ್ತು ಲೆಂಪೆಲ್ ಇನ್ನೊಂದು ಉಪಾಯವನ್ನು ತೋರಿದರು: ಮರಳಿ ಬಂದ ಪದವನ್ನು ಮತ್ತೆ ಬರೆಯದೆ, ಅದು ಹಿಂದೆ ಎಲ್ಲಿತ್ತೆಂದು ಸೂಚಿಸಿದರೆ ಸಾಕು. ಹೀಗೆ ಕುಗ್ಗಿದ ಬರಹವು ಬೇಗನೆ ತಲುಪಿ, ಒಂದಕ್ಷರವೂ ಲೋಪವಾಗದೆ ಮೊದಲಿನಂತೆ ಬಿಚ್ಚಿಕೊಳ್ಳುತ್ತದೆ. ಆದರೆ ಚೆನ್ನಾಗಿ ಕುಗ್ಗಿಸಿದುದನ್ನು ಮತ್ತೆ ಕುಗ್ಗಿಸಲಾಗದು. ಪುನರುಕ್ತಿ ತೊಲಗಿದ ಮೇಲೆ ಉಳಿಯುವುದು ಸಾರವಷ್ಟೆ.